ಕೋಟೆಯ ಬಾವಿಗೆ ಒಂದೇ ಹಗ್ಗ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಒಂದು ಕೋಟೆಯೊಳಗಿತ್ತು. ಹೀಗೆಂದ ಕೂಡಲೇ ನೀವು ಆನೆ, ಕುದುರೆ, ಸಿಂಹಾಸನ ಎಂದೆಲ್ಲ ನೆನೆಸಿಕೊಳ್ಳಬೇಡಿ. ಕಾಪುವಿನ ದೀಪಸ್ತಂಭದಿಂದ ಸ್ವಲ್ಪ ದೂರದಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ಕೆಂಪುಕಲ್ಲಿನ ಒಂದು ದಿಬ್ಬವಿತ್ತು. ಬಹಳ ಹಿಂದೆ ಹಡಗಿನಲ್ಲಿ ಬಂದ ವ್ಯಾಪಾರಿಗಳು ಅಕ್ಕಿ, ಕಾಳುಮೆಣಸು ತುಂಬಿಡಲು ಅದರ ಸುತ್ತ ಗೋಡೆ ಕಟ್ಟಿಸಿದ್ದರಂತೆ. ವ್ಯಾಪಾರ ನಿಂತಿತು, ವ್ಯಾಪಾರಿಗಳು ಹೋದರು, ಗೋಡೆ ಉಳಿಯಿತು. ಆಮೇಲೆ ಬಂದ ಮಿಷನ್‌ನವರು ಆ ಗೋಡೆಯೊಳಗೆ ಒಂದು ಚರ್ಚು, ಒಂದು ಶಾಲೆ, ಬಟ್ಟೆ ನೇಯುವ ಮಗ್ಗದ ಶೆಡ್ಡು, ಮದ್ದು ಕೊಡುವ ಒಂದು ಕೋಣೆ ಕಟ್ಟಿದರು. ಅವುಗಳ ಸುತ್ತ ಹೆಂಚಿನ ಮಾಡಿನ ಚಿಕ್ಕ ಚಿಕ್ಕ ಮನೆಗಳು. ಅದರಲ್ಲೊಂದು ನಮ್ಮದು.

ಆ ಮನೆಗಳಲ್ಲಿದ್ದವರು ಯಾರೂ ಮೊದಲಿನಿಂದ ಅಲ್ಲಿಯವರಲ್ಲ. ಒಬ್ಬರ ಹಿರಿಯರು ಕಾರ್ಕಳದ ಕಡೆಯಿಂದ ಬಂದವರು, ಇನ್ನೊಬ್ಬರ ಹಿರಿಯರು ಎರ್ಮಾಳಿನ ಕಡಲ ಬದಿಯಿಂದ. ಕ್ರೈಸ್ತರಾದರೆಂದು ಮನೆಯವರು ಹೊರಗೆ ಹಾಕಿದಾಗ, ಮಲಗಲು ಜಾಗ ಮತ್ತು ಮಾಡಲು ಕೆಲಸ ಸಿಗುತ್ತದೆಂದು ಬಂದು ನೆಲೆಸಿದವರು. ನಮ್ಮ ಅಜ್ಜಿಯ ತವರು ಮಾತ್ರ ದೂರವಿರಲಿಲ್ಲ. ಕೋಟೆಯ ಪೂರ್ವದ ಗೋಡೆ ಹತ್ತಿ ನಿಂತರೆ, ಗದ್ದೆಗಳ ಆಚೆ ಆ ಮನೆಯ ಮಾಡು ಕಾಣಿಸುತ್ತಿತ್ತು. ಅಜ್ಜ ಮಿಷನ್ ಸೇರಿದಾಗ ಅಜ್ಜಿ ಎಳೆಗೂಸಾಗಿದ್ದ ಅಪ್ಪನನ್ನು ಎತ್ತಿಕೊಂಡು ಅವರ ಹಿಂದೆಯೇ ಬಂದರು. ಅಂದಿನಿಂದ ತವರಿನ ಬಾಗಿಲು ಮುಚ್ಚಿತು. ಅಜ್ಜಿಗೆ ಒಬ್ಬ ಅಣ್ಣ ಇದ್ದರು. ಅವರು ನಮ್ಮ ಕೋಟೆಯ ಕಡೆಗೆ ಒಮ್ಮೆಯೂ ಬಂದಿರಲಿಲ್ಲ. ಅಜ್ಜಿಯೂ ಅವರ ಮಾತೆತ್ತುತ್ತಿರಲಿಲ್ಲ. ಆದರೆ ಬಟ್ಟೆ ಒಣಗಿಸಲು ಅವರು ಯಾವಾಗಲೂ ಪೂರ್ವದ ಗೋಡೆಯನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ನಮ್ಮ ಕೋಟೆಗೆಲ್ಲ ದೊಡ್ಡವರೆಂದರೆ ಮಿಸ್ಸಿಯಮ್ಮ. ಮಿಷನ್ ಕಳುಹಿಸಿದ ಪರದೇಶದ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುತ್ತಿದ್ದರು. ಬಿಳಿ ಸೀರೆ, ಕಪ್ಪು ಕೊಡೆ, ಬಿಸಿಲಿಗೆ ಸದಾ ಕೆಂಪಾಗಿರುತ್ತಿದ್ದ ಮೂಗು. ತರುಣಿಯಾಗಿ ಬಂದವರು ನಮ್ಮಲ್ಲಿಯೇ ಮುದುಕಿಯಾಗಿದ್ದರು. ಮದ್ದಿನ ಕೋಣೆಯಲ್ಲಿ ಹುಣ್ಣಿಗೆ ಪಟ್ಟಿ ಕಟ್ಟುವುದು, ಹೆರಿಗೆಗೆ ಓಡುವುದು, ಭಾನುವಾರ ಹಾರ್ಮೋನಿಯಂ ನುಡಿಸುವುದು ಎಲ್ಲ ಅವರದೇ. ನಮ್ಮ ಮನೆಮಾತು ತುಳು. ಅವರಿಗೆ ತುಳು ಬರುತ್ತಿರಲಿಲ್ಲ. ಕನ್ನಡವನ್ನು ಮಂಗಳೂರಿನ ಪಂಡಿತರೊಬ್ಬರ ಹತ್ತಿರ ಕಲಿತಿದ್ದರು. ಆದ್ದರಿಂದ ಅವರು ಮಾತಾಡಿದರೆ ಪುಸ್ತಕ ಓದಿದ ಹಾಗೆ ಕೇಳಿಸುತ್ತಿತ್ತು. ನಾನು ಜಾರಿ ಬಿದ್ದು ಮೊಣಕಾಲು ಒಡೆದುಕೊಂಡರೆ, "ಮಗುವೇ, ನೀನು ಏತಕ್ಕಾಗಿ ಓಡಿದೆ?" ಎಂದು ಕೇಳುತ್ತಿದ್ದರು. ನೋವಿನಲ್ಲಿಯೂ ನನಗೆ ನಗು ಬರುತ್ತಿತ್ತು.

ಕೋಟೆಯ ನಡುವೆ ಒಂದು ಬಾವಿಯಿತ್ತು. ವ್ಯಾಪಾರಿಗಳ ಕಾಲದ್ದೇ ಇರಬೇಕು. ಕಲ್ಲನ್ನು ಕೊರೆದು ತೋಡಿದ ಆಳವಾದ ಬಾವಿ. ಬಗ್ಗಿ ನೋಡಿದರೆ ಪಾಚಿಯ ತಣ್ಣನೆಯ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಹೊಳೆ ಅಷ್ಟು ಹತ್ತಿರವಿದ್ದರೂ, ಸಮುದ್ರದ ಸದ್ದು ಮನೆಯೊಳಗೆ ಕೇಳುತ್ತಿದ್ದರೂ, ಆ ನೀರು ಎಳನೀರಿನಷ್ಟು ಸಿಹಿ. ಬಾವಿಗೆ ಒಂದು ರಾಟೆ, ತೆಂಗಿನ ನಾರಿನ ಒಂದು ಹಗ್ಗ, ಒಂದು ತಾಮ್ರದ ಕೊಡಪಾನ. ಕೋಟೆಯ ನಾವೆಲ್ಲ ಅದರಲ್ಲೇ ಸೇದುತ್ತಿದ್ದೆವು. ಹೊರಗಿನ ಊರಿನವರು ಯಾರೂ ಆ ಬಾವಿಗೆ ಬರುತ್ತಿರಲಿಲ್ಲ. ಅವರಿಗೆ ಗದ್ದೆಯ ಬದಿಯಲ್ಲಿ ಬೇರೆ ಬಾವಿಯಿತ್ತು.

ನಾನು ಹೇಳಹೊರಟ ದಿನ ಬೇಸಿಗೆಯ ಕೊನೆಯ ಒಂದು ಭಾನುವಾರ. ಹೊಳೆಯಲ್ಲಿ ಏರಿ ಬರುವ ಉಪ್ಪುನೀರು ಗದ್ದೆಗೆ ನುಗ್ಗದಂತೆ ಊರಿನವರು ಪ್ರತಿವರ್ಷ ಮಣ್ಣಿನ ಒಂದು ಕಟ್ಟ ಹಾಕುತ್ತಿದ್ದರು. ಆ ವಾರ ಸಮುದ್ರ ಉಕ್ಕಿದ ದೊಡ್ಡ ಭರತಕ್ಕೆ ಕಟ್ಟ ಒಡೆದುಹೋಯಿತು. ಸಮುದ್ರದ ನೀರು ಗದ್ದೆಗಳ ಮೇಲೆ ಹರಡಿ, ಊರಿನ ಬಾವಿಗೂ ಇಳಿಯಿತು. ಸೈಕಲ್ಲಿನಲ್ಲಿ ಒಣಮೀನು ಮಾರುತ್ತಿದ್ದ ಬ್ಯಾರಿ ಕಾಕ ಶನಿವಾರ ನಮ್ಮ ಅಂಗಳಕ್ಕೆ ಬಂದು ಸುದ್ದಿ ಹೇಳಿದರು. "ಆಚೆ ಊರಿನಲ್ಲಿ ನೀರು ಬಾಯಿಗೆ ಇಡ್ಲಿಕ್ಕಾಗುವುದಿಲ್ಲ ಅಮ್ಮ. ಗಂಜಿ ಬೇಯಿಸಿದರೆ ಉಪ್ಪು ಹಾಕುವುದೇ ಬೇಡ. ನಾಳೆ ಅವರು ನಿಮ್ಮಲ್ಲಿಗೆ ಕೇಳ್ಲಿಕ್ಕೆ ಬರ್ತಾರೆ." ಅಜ್ಜಿ ಮೀನು ಆರಿಸುತ್ತಿದ್ದವರು ಕೈ ನಿಲ್ಲಿಸಿದರು. "ಯಾರೆಲ್ಲ ಬರ್ತಾರೆ?" ಎಂದು ಕೇಳಿದರು. ಕಾಕ ತಕ್ಕಡಿ ನೋಡುತ್ತ, "ಎಲ್ಲ ಮನೆಯವರೂ," ಎಂದರು.

ಭಾನುವಾರ ಮಗ್ಗಗಳಿಗೆ ರಜೆ. ದಿನವೂ ಕೇಳುತ್ತಿದ್ದ ಟಕಟಕ ಸದ್ದು ಇಲ್ಲದೆ ಕೋಟೆ ಬೇರೆಯದೇ ಜಾಗದಂತೆ ಅನಿಸುತ್ತಿತ್ತು. ಗಂಟೆ ಬಾರಿಸಿದ ಮೇಲೆ ನಾವೆಲ್ಲ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಚರ್ಚಿಗೆ ಹೋದೆವು. ಪ್ರಾರ್ಥನೆ ಮುಗಿದ ಮೇಲೆ ಮಿಸ್ಸಿಯಮ್ಮ ಎಲ್ಲರನ್ನೂ ಬಾದಾಮಿ ಮರದ ಕೆಳಗೆ ನಿಲ್ಲಿಸಿದರು.

"ನೆರೆಯವರು ನೀರಿಲ್ಲದೆ ಕಷ್ಟಪಡುತ್ತಿರುವರು," ಎಂದರು. "ನಾವು ಕೊಡತಕ್ಕದ್ದು. ಇದರಲ್ಲಿ ಯೋಚಿಸುವುದೇನೂ ಇಲ್ಲ."

ಯೋಚಿಸುವುದು ಬಹಳ ಇತ್ತು. ಅಪ್ಪ ಮಗ್ಗದ ಶೆಡ್ಡಿನಲ್ಲಿ ನೇಯುತ್ತಿದ್ದರು. ನೂಲಿಗೆ ಬಣ್ಣ ಹಾಕಲು ಎಷ್ಟು ಕೊಡ ನೀರು ಬೇಕೆಂಬುದು ಅವರಿಗೆ ಗೊತ್ತಿತ್ತು. ಅವರು ಸಿಟ್ಟಿನವರಲ್ಲ. ಮೆಲ್ಲಗೆ ಹೇಳಿದರು: "ಬಾವಿಯ ತಳದ ಕಲ್ಲು ಈಗಲೇ ಕಾಣ್ತಾ ಉಂಟು. ಮಳೆ ಯಾವಾಗ ಬರ್ತದೆ ಅಂತ ಯಾರಿಗೆ ಗೊತ್ತು? ಇಡೀ ಊರಿಗೆ ಕೊಟ್ಟರೆ ನಮ್ಮ ಮಕ್ಕಳಿಗೆ ಎಂತ ಕೊಡುವುದು?"

ಅಷ್ಟರಲ್ಲಿ ಅಕ್ಕ ಮುಂದೆ ಬಂದಳು. ಅಕ್ಕ ಆಗ ಹೈಸ್ಕೂಲಿಗೆ ಹೋಗುತ್ತಿದ್ದಳು. ದೊಡ್ಡವರ ನಡುವೆ ಮಾತಾಡುವ ಹುಡುಗಿಯಲ್ಲ. "ನಾನು ಶಾಲೆಯಿಂದ ಬರುವಾಗ ಒಂದು ದಿನ ಆ ಊರಿನ ಒಂದು ಮನೆಯಲ್ಲಿ ನೀರು ಕೇಳಿದೆ," ಎಂದಳು. "ಅವರು ನನ್ನನ್ನು ಅಂಗಳದ ಕೆಳಗೆ ನಿಲ್ಲಿಸಿದರು. ಬೊಗಸೆ ಹಿಡಿ ಅಂದರು. ಮೇಲಿನಿಂದ ಸುರಿದರು. ಅರ್ಧ ನೀರು ನನ್ನ ಪುಸ್ತಕದ ಮೇಲೆ ಬಿತ್ತು. ನಾವು ಯಾಕೆ ಅವರಿಗೆ ಕೊಡಬೇಕು?"

ಅಮ್ಮನಿಗೂ ಈ ವಿಷಯ ತಿಳಿದಿರಲಿಲ್ಲ. ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಜ್ಜಿ ಅಕ್ಕನ ಹತ್ತಿರ ಹೋಗಿ, ಅವಳ ಜಡೆಯ ತುದಿ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನೀರು ಕೊಡುವ. ಬಾಯಾರಿದವರನ್ನು ಹಿಂದೆ ಕಳಿಸ್ಲಿಕ್ಕಾಗುವುದಿಲ್ಲ. ಬಣ್ಣ ಹಾಕುವುದು ಮಳೆ ಬಂದ ಮೇಲೆ ಆಗಲಿ."

ಅಜ್ಜಿಯ ಮಾತಿನ ಮೇಲೆ ಅಪ್ಪ ಮಾತಾಡಲಿಲ್ಲ. ಉಳಿದವರೂ ತಲೆಯಾಡಿಸಿದರು. ಕಷ್ಟದ ವಿಷಯ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದುಕೊಂಡೆ.

ಊರಿನವರು ಬಂದಾಗ ಬಿಸಿಲು ಏರಿತ್ತು. ಮುಂದೆ ಊರಿನ ಮುಖಂಡರಾದ ಒಬ್ಬ ಹಿರಿಯರು, ಹೆಗಲ ಮೇಲೆ ಶಾಲು. ಅವರ ಹಿಂದೆ ಖಾಲಿ ಕೊಡಪಾನಗಳನ್ನು ಸೊಂಟಕ್ಕೆ ಇಟ್ಟುಕೊಂಡ ಹೆಂಗಸರು, ಕೈಯಲ್ಲಿ ಚೊಂಬು ಹಿಡಿದ ಮಕ್ಕಳು. ಕೋಟೆಯ ಬಾಗಿಲಿನ ಹತ್ತಿರ ಎಲ್ಲರೂ ನಿಂತುಬಿಟ್ಟರು. ಅವರಲ್ಲಿ ಹೆಚ್ಚಿನವರು ಆ ಬಾಗಿಲನ್ನು ದಾಟಿಯೇ ಇರಲಿಲ್ಲ. ಮಿಸ್ಸಿಯಮ್ಮ ಕೊಡೆ ಬದಿಗಿಟ್ಟು ಎರಡೂ ಕೈ ಚಾಚಿ, "ಬನ್ನಿರಿ, ಬನ್ನಿರಿ," ಎಂದು ಕರೆದರು.

ಹಿರಿಯರು ಕೈಮುಗಿದರು. "ನಿಮ್ಮಿಂದ ದೊಡ್ಡ ಉಪಕಾರ ಆಯಿತು," ಎಂದರು. "ನಿಮಗೆ ಏನೂ ತೊಂದರೆ ಬೇಡ. ಹಗ್ಗ, ರಾಟೆ, ಕೊಡಪಾನ ಎಲ್ಲ ನಾವೇ ತಂದಿದ್ದೇವೆ. ಬಾವಿಯ ಆಚೆ ಬದಿಗೆ ಕಟ್ಟಿಕೊಳ್ತೇವೆ." ಅವರ ಕೈಯಲ್ಲಿ ಹೊಸ ಹಗ್ಗದ ಸುರುಳಿಯಿತ್ತು. ಅದರ ನಾರಿನ ವಾಸನೆ ನಾನು ನಿಂತಲ್ಲಿಗೂ ಬರುತ್ತಿತ್ತು.

ಅವರು ಒರಟಾಗಿ ಹೇಳಲಿಲ್ಲ. ನಿಜಕ್ಕೂ ನಮಗೆ ತೊಂದರೆಯಾಗಬಾರದೆಂದೇ ಹೇಳಿದಂತಿತ್ತು. ಆದರೆ ಬಾವಿಕಟ್ಟೆಯ ಹತ್ತಿರ ನಿಂತಿದ್ದ ನಮ್ಮವರೆಲ್ಲರ ಮುಖ ಒಂದೇ ಸಲ ಬಾಡಿತು. ನಾವು ಮುಟ್ಟಿದ ಹಗ್ಗ ಅವರಿಗೆ ಆಗುವುದಿಲ್ಲ ಎಂದು ನನಗೂ ಅರ್ಥವಾಯಿತು. ನಾನು ನನ್ನ ಅಂಗೈ ನೋಡಿಕೊಂಡೆ. ಬೆಳಿಗ್ಗೆಯಷ್ಟೇ ಸಾಬೂನು ಹಾಕಿ ತೊಳೆದಿದ್ದೆ.

ಮಿಸ್ಸಿಯಮ್ಮ, "ಹಾಗೆಯೇ ಆಗಲಿ," ಎಂದರು. ಹಿರಿಯರು ಮುಂದೆ ಬಂದರು. ಆಗ ಅಜ್ಜಿ ಬಾವಿಕಟ್ಟೆಯ ಮೇಲೆ ಹತ್ತಿ ನಿಂತು ನಮ್ಮ ಹಳೆಯ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡರು.

"ಬೇರೆ ಹಗ್ಗ ಬೇಡ," ಎಂದರು. "ಎಷ್ಟು ಬೇಕೋ ಅಷ್ಟು ನೀರು ತೆಗೆದುಕೊಂಡು ಹೋಗಿ. ನಾವು ಸೇದಿ ಕೊಡಬೇಕಾದರೆ ಕೊಡ್ತೇವೆ, ನೀವೇ ಸೇದುವುದಾದರೆ ಸೇದಿ. ಹಗ್ಗ ಮಾತ್ರ ಇದೇ."

ಹಿರಿಯರು ಅರ್ಥವಾಗದವರಂತೆ ಮಿಸ್ಸಿಯಮ್ಮನ ಕಡೆ ನೋಡಿದರು. ಮಿಸ್ಸಿಯಮ್ಮ ಅಜ್ಜಿಯ ಹತ್ತಿರ ಹೋಗಿ ಮೆಲ್ಲನೆ, "ಬಾಯಾರಿದವರಿಗೆ ಷರತ್ತು ಹಾಕಬಾರದು. ಮಕ್ಕಳು ಬಿಸಿಲಿನಲ್ಲಿ ನಿಂತಿರುವರು, ನೋಡು," ಎಂದರು.

"ನೋಡಿದೆ ಮಿಸ್ಸಿಯಮ್ಮ," ಎಂದರು ಅಜ್ಜಿ. "ಇವತ್ತು ಬೇರೆ ಹಗ್ಗ ಕಟ್ಟಿದರೆ ಅದನ್ನು ಬಿಚ್ಚುವವರು ಯಾರು? ಮಳೆ ಬಂದ ಮೇಲೆಯೂ ಅದು ಅಲ್ಲಿಯೇ ಇರ್ತದೆ. ನೀವು ಒಂದು ದಿನ ನಿಮ್ಮ ಊರಿಗೆ ಹೋಗ್ತೀರಿ. ಈ ಮಕ್ಕಳು ದಿನಾ ಅದನ್ನು ನೋಡಿಕೊಂಡು ಇಲ್ಲಿಯೇ ದೊಡ್ಡವರಾಗಬೇಕು."

ಮಿಸ್ಸಿಯಮ್ಮ ಮದ್ದಿನ ಕೋಣೆಯ ಮೆಟ್ಟಿಲಿನ ಮೇಲೆ ಹೋಗಿ ತಲೆ ತಗ್ಗಿಸಿ ಕುಳಿತರು. ಅವರು ಪ್ರಾರ್ಥನೆ ಮಾಡುತ್ತಿದ್ದರೋ ಬೇಸರ ಮಾಡಿಕೊಂಡಿದ್ದರೋ ತಿಳಿಯಲಿಲ್ಲ.

ಆಮೇಲೆ ಯಾರೂ ಕದಲಲಿಲ್ಲ. ಗೋಡೆಯ ಮೇಲೆ ಒಂದು ಕಾಗೆ ಕೂಗುತ್ತಿತ್ತು. ಹಿಂದೆ ನಿಂತಿದ್ದ ಕೆಲವರು ಪಿಸುಗುಟ್ಟಿದರು. ಒಬ್ಬ ಹೆಂಗಸು ಮಗುವಿನ ಕೈ ಹಿಡಿದುಕೊಂಡು ಬಂದ ದಾರಿಯಲ್ಲೇ ತಿರುಗಿ ಹೋದಳು. ಮಗು ಚೊಂಬನ್ನು ಕಲ್ಲಿಗೆ ತಾಗಿಸಿಕೊಂಡು ಅಳುತ್ತ ಹೋಯಿತು. ಆ ಅಳು ಕೇಳಿ ಅಜ್ಜಿ ಬಾಗಿಲಿನ ಕಡೆ ತಿರುಗಿ ನೋಡಿದರು. ಆದರೂ ಅವರು ಹಗ್ಗ ಬಿಡಲಿಲ್ಲ. ಅಪ್ಪ ಸದ್ದಿಲ್ಲದೆ ಹೋಗಿ ಅಜ್ಜಿಯ ಪಕ್ಕದಲ್ಲಿ ನಿಂತರು. ನೀರು ಕೊಡುವುದು ಬೇಡವೆಂದು ಹೇಳಿದ ಅಕ್ಕನ ಕಣ್ಣು ತುಂಬಿಕೊಂಡಿತ್ತು.

ಆಗ ಗುಂಪಿನಿಂದ ಒಬ್ಬಳು ಬಂದಳು. ಹಸಿರು ಸೀರೆಯ, ಎತ್ತರದ, ಇಪ್ಪತ್ತರ ಆಸುಪಾಸಿನ ಹೆಂಗಸು. ಹಿರಿಯರು ಅವಳನ್ನು ಕರೆದರು. ಅವಳು ಕೇಳಿಸದವಳಂತೆ ನಡೆದು ಬಂದು, ತನ್ನ ಕೊಡಪಾನವನ್ನು ಬಾವಿಕಟ್ಟೆಯ ಮೇಲೆ ಇಟ್ಟು, ಕೈ ಚಾಚಿದಳು.

"ಅತ್ತೆ, ಹಗ್ಗ ಕೊಡಿ," ಎಂದಳು.

ಅಜ್ಜಿಯನ್ನು ಕೋಟೆಯಲ್ಲಿ ಎಲ್ಲರೂ ಅಮ್ಮ ಎಂದೋ ಅಜ್ಜಿ ಎಂದೋ ಕರೆಯುತ್ತಿದ್ದರು. ಅತ್ತೆ ಎಂದು ಕರೆಯುತ್ತಿದ್ದವರು ಸೊಸೆಯಾದ ನನ್ನ ಅಮ್ಮ ಒಬ್ಬರೇ. ಅಜ್ಜಿ ಅವಳ ಮುಖವನ್ನೇ ನೋಡುತ್ತ ನಿಂತರು.

"ನೀನು ಯಾರ ಪೈಕಿ?"

"ನಿಮ್ಮ ಅಣ್ಣನ ಮಗ ನನ್ನ ಗಂಡ."

"ನಾನು ಅಂತ ನಿನಗೆ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಮನೆಯಲ್ಲಿ ನಿಮ್ಮ ವಿಷಯ ಯಾರೂ ಮಾತಾಡುವುದಿಲ್ಲ," ಎಂದಳು ಅವಳು. "ಆದರೆ ಮಾವನಿಗೆ ಹಟ ಬಂದಾಗ ಹೀಗೆಯೇ ನಿಲ್ಲುವುದು. ಮೂಗೂ ಹೀಗೆಯೇ ಉಂಟು."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ನಗಲಿಲ್ಲ, ಅಳಲೂ ಇಲ್ಲ. ಹಗ್ಗವನ್ನು ಅವಳ ಕೈಗೆ ಕೊಟ್ಟರು. ಅವಳು ಬಾವಿಯ ತಾಮ್ರದ ಕೊಡಪಾನ ಇಳಿಸಿದಳು. ನೀರು ತಳದಲ್ಲಿದ್ದುದರಿಂದ ಅದು ತುಂಬಲು ಹೊತ್ತು ಹಿಡಿಯಿತು. ಅವಳು ಎಳೆಯತೊಡಗಿದಾಗ ಅಕ್ಕ ಓಡಿಹೋಗಿ ಅದೇ ಹಗ್ಗಕ್ಕೆ ಕೈ ಹಾಕಿದಳು. ರಾಟೆ ಕಿರುಗುಟ್ಟಿತು. ಇಬ್ಬರೂ ಸೇರಿ ಎಳೆದು ನೀರನ್ನು ಮೇಲಕ್ಕೆ ತಂದರು. ಆ ಹೆಂಗಸು ಮೊದಲು ಒಂದು ಬೊಗಸೆ ನೀರನ್ನು ತಾನೇ ಕುಡಿದಳು. ಆಮೇಲೆ ತನ್ನ ಕೊಡಪಾನಕ್ಕೆ ಸುರಿದುಕೊಂಡಳು.

ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಮೂವರು ಒಟ್ಟಿಗೆ ಬಂದರು. ಸ್ವಲ್ಪ ಹೊತ್ತಿನಲ್ಲಿ ಬಾವಿಕಟ್ಟೆಯ ಸುತ್ತ ನೂಕುನುಗ್ಗಲಾಯಿತು. ನಮ್ಮ ಕೋಟೆಯ ಹೆಂಗಸರೂ ಕೈಜೋಡಿಸಿದರು. ಮಕ್ಕಳಾದ ನಾವು ಚೊಂಬು ತುಂಬಿಸಿ ದಾಟಿಸಿದೆವು. ಅಂಗಳದ ಕೆಂಪು ಮಣ್ಣು ಒದ್ದೆಯಾಗಿ ಮೊದಲ ಮಳೆಯಂಥ ಪರಿಮಳ ಎದ್ದಿತು. ಹಿರಿಯರು ಮಾತ್ರ ಹೊಸ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಒಬ್ಬರೇ ಹೊರಟುಹೋದರು. ಅವರ ಮನೆಯ ಹೆಂಗಸರು ಕೊಡಪಾನ ತುಂಬಿಸಿಕೊಂಡೇ ಹೋದರು.

ಸಂಜೆ ಮಿಸ್ಸಿಯಮ್ಮ ನಮ್ಮ ಮನೆಗೆ ಬಂದರು. ಒಲೆಯ ಮುಂದೆ ಮಣೆ ಹಾಕಿಕೊಂಡು ಅಜ್ಜಿಯ ಪಕ್ಕದಲ್ಲಿ ಕುಳಿತರು.

"ಅವರೆಲ್ಲರೂ ಹಿಂದಿರುಗಿ ಹೋಗಿದ್ದರೆ ನೀನು ಏನು ಮಾಡುತ್ತಿದ್ದೆ?" ಎಂದು ಕೇಳಿದರು.

ಅಜ್ಜಿ ಬೆಂಕಿಯನ್ನು ಸರಿಮಾಡುತ್ತ, "ಗೊತ್ತಿಲ್ಲ," ಎಂದರು. "ಆ ಮಗು ಅತ್ತಾಗ ಹಗ್ಗ ಬಿಟ್ಟುಬಿಡುವ ಅನಿಸಿತು. ಇನ್ನು ಸ್ವಲ್ಪ ಹೊತ್ತು ಆಗಿದ್ದರೆ ಬಿಡ್ತಿದ್ದೆನೋ ಏನೋ."

"ನನಗೆ ಈಗಲೂ ನೀನು ಮಾಡಿದ್ದು ಸರಿಯೆಂದು ತೋರುವುದಿಲ್ಲ," ಎಂದರು ಮಿಸ್ಸಿಯಮ್ಮ.

"ನೀವು ಹೇಳಿದ್ದು ಸರಿ ಅಂತ ನನಗೂ ಕಾಣುವುದಿಲ್ಲ," ಎಂದರು ಅಜ್ಜಿ. ಆಮೇಲೆ ಇಬ್ಬರೂ ಒಂದೇ ಪಾತ್ರೆಯಿಂದ ಬಡಿಸಿದ ಗಂಜಿ ಉಂಡರು. ಇಬ್ಬರಲ್ಲಿ ಯಾರ ಮಾತು ಸರಿಯೆಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅಳುತ್ತ ಹೋದ ಆ ಮಗು ನೆನಪಾದರೆ ಮಿಸ್ಸಿಯಮ್ಮನ ಕಡೆ ವಾಲುತ್ತೇನೆ. ಅಕ್ಕನ ಒದ್ದೆಯಾದ ಪುಸ್ತಕ ನೆನಪಾದರೆ ಅಜ್ಜಿಯ ಕಡೆ.

ಕತ್ತಲಾಗುವ ಮೊದಲು ಹಸಿರು ಸೀರೆಯವಳು ಇನ್ನೊಂದು ಕೊಡ ನೀರಿಗೆ ಬಂದಳು. ಅಜ್ಜಿ ಅವಳನ್ನೇ ಕಾಯುತ್ತಿದ್ದರು. ಬಾವಿಕಟ್ಟೆಯ ಹತ್ತಿರ ನಿಂತು, ಎಲ್ಲಿಯೋ ನೋಡುತ್ತ ಕೇಳಿದರು: "ಅಣ್ಣ ನೀರು ಕುಡಿದನಾ?"

"ಎಲ್ಲಿಯ ನೀರು ಅಂತ ಕೇಳಿದರು. ನಾನು ಸುಳ್ಳು ಹೇಳಲಿಲ್ಲ. ಕೋಟೆಯದ್ದು, ಅತ್ತೆಯ ಕೈಯಿಂದ ಹಗ್ಗ ತೆಗೆದುಕೊಂಡು ಸೇದಿದ್ದು ಅಂದೆ."

"ಮತ್ತೆ?"

"ಲೋಟ ಕೆಳಗಿಟ್ಟರು. ಆಮೇಲೆ ಅದನ್ನೇ ಎತ್ತಿ ಪೂರ್ತಿ ಕುಡಿದರು. ಸಿಹಿ ಉಂಟು ಅಂದರು. ಅಷ್ಟೇ."

"ಹೌದು," ಎಂದರು ಅಜ್ಜಿ, "ಈ ನೀರು ಸಿಹಿಯೇ." ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಆ ದಿನ ಅವರು ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು. ಅವರ ಸ್ವರ ಒಡೆದಿತ್ತು, ತಾಳವೂ ತಪ್ಪುತ್ತಿತ್ತು. ಯಾರೂ ತಿದ್ದಲಿಲ್ಲ.

ಕಥೆಯಲ್ಲಾದರೆ ಅಣ್ಣತಂಗಿ ಮರುದಿನವೇ ಭೇಟಿಯಾಗಬೇಕು. ಹಾಗಾಗಲಿಲ್ಲ. ಅಣ್ಣ ಬರಲಿಲ್ಲ, ಅಜ್ಜಿಯೂ ಹೋಗಲಿಲ್ಲ. ಇಬ್ಬರಿಗೂ ಹಟ ಒಂದೇ ಅಳತೆಯದ್ದು. ಆದರೆ ಆ ಹಸಿರು ಸೀರೆಯವಳು ಬರುವುದನ್ನು ನಿಲ್ಲಿಸಲಿಲ್ಲ. ಮಳೆ ಬಂದು ಊರಿನ ಬಾವಿ ಸರಿಯಾದ ಮೇಲೂ ಬಂದಳು. ಒಮ್ಮೆ ಸೌತೆಕಾಯಿ, ಒಮ್ಮೆ ಹೊಸ ಅಕ್ಕಿ, ಒಮ್ಮೆ ತನ್ನ ಚಿಕ್ಕ ಮಗುವನ್ನು ಎತ್ತಿಕೊಂಡು. ಮಗುವಿನ ಮೂಗು ನೋಡಿ ಅಜ್ಜಿಗೆ ಬಹಳ ಸಂತೋಷವಾಯಿತು. ಕೆಲವು ವರ್ಷಗಳ ನಂತರ ಮಿಸ್ಸಿಯಮ್ಮ ತಮ್ಮ ಊರಿಗೆ ಹೊರಟಾಗ ಅಜ್ಜಿ ಅವರ ಪೆಟ್ಟಿಗೆಯಲ್ಲಿ ಅಪ್ಪ ನೇಯ್ದ ಒಂದು ಹೊದಿಕೆ ಇಟ್ಟರು. ಇಬ್ಬರೂ ಕೋಟೆಯ ಬಾಗಿಲಿನಲ್ಲಿ ಕೈಹಿಡಿದುಕೊಂಡು ನಿಂತಿದ್ದರು. ಆಗಲೂ ಯಾವುದೋ ಸಣ್ಣ ವಿಷಯಕ್ಕೆ ವಾದ ನಡೆದಿತ್ತು. ಮಗ್ಗದ ಶೆಡ್ಡು ಮುಚ್ಚಿತು. ನಮ್ಮವರು ಮಣಿಪಾಲದ ಆಸ್ಪತ್ರೆಗೆ, ಗಲ್ಫಿಗೆ, ಶಾಲೆಗಳಿಗೆ ಎಂದು ಕೆಲಸ ಹುಡುಕಿಕೊಂಡು ಚದುರಿದರು. ಅಕ್ಕ ನರ್ಸ್ ಆದಳು.

ನನ್ನ ಮೊಮ್ಮಕ್ಕಳಾದ ನೀವಿಬ್ಬರೂ ಈಗ ನನ್ನ ಜೊತೆ ಮಣಿಪಾಲದಲ್ಲಿ ನಾಲ್ಕನೆಯ ಮಹಡಿಯಲ್ಲಿದ್ದೀರಿ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಯಾವ ಹೊಳೆಯದ್ದು, ಯಾರು ಮೇಲೆ ಹತ್ತಿಸಿದರು ಎಂದು ಕೇಳಬೇಕಾಗಿಲ್ಲ. ಆಟದಿಂದ ಬೆವರಿ ಬಂದಾಗ ನೀವೂ, ದೂರದ ಊರುಗಳಿಂದ ಬಂದ ನಿಮ್ಮ ಗೆಳೆಯರೂ ಒಂದೇ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿ ಕುಡಿಯುವುದನ್ನು ನಾನು ಬಾಲ್ಕನಿಯಿಂದ ನೋಡುತ್ತೇನೆ. ಅಂಥದ್ದನ್ನು ನೋಡಿದ್ದರೆ ಅಜ್ಜಿ ಏನು ಹೇಳುತ್ತಿದ್ದರೋ.

ಆದರೆ ನಮ್ಮ ಕಟ್ಟಡದ ಕೆಳಗೆ, ವಾಚ್‌ಮನ್ ಕೂರುವ ಕಿಟಕಿಯ ಮೇಲೆ, ಒಂದು ಸ್ಟೀಲ್ ಲೋಟವಿದೆ. ಯಾವ ಮನೆಯವರು ಚಹಾ ಒಯ್ದರೂ, ನೀರು ಒಯ್ದರೂ ಅದಕ್ಕೇ ಸುರಿಯುತ್ತಾರೆ. ಅದನ್ನು ಮೊದಲು ಯಾರು ಇಟ್ಟರೆಂದು ಯಾರಿಗೂ ತಿಳಿಯದು. ಮೊನ್ನೆ ನೀವು, "ಅವರಿಗೆ ಯಾಕೆ ಅಜ್ಜ ಬೇರೆ ಲೋಟ?" ಎಂದು ಕೇಳಿದಿರಿ. ಅದಕ್ಕೆ ಉತ್ತರವಾಗಿ ನಾನು ಆ ಭಾನುವಾರದ ಕಥೆಯನ್ನು ಹೇಳತೊಡಗಿದೆ. ಅರ್ಧ ಕೇಳಿ ನೀವು ಎದ್ದು ಹೋದಾಗ ನಿಮಗೆ ಬೇಸರ ಬಂದಿತೆಂದೇ ತಿಳಿದೆ.

ನೀವು ನಮ್ಮ ಅಡುಗೆಮನೆಯ ಲೋಟದಲ್ಲಿ ನೀರು ತುಂಬಿಸಿಕೊಂಡು ಕೆಳಗೆ ವಾಚ್‌ಮನ್ ಹತ್ತಿರ ಹೋಗಿದ್ದಿರಿ. ಸ್ವಲ್ಪ ಹೊತ್ತಿನಲ್ಲಿ ಹಿಂದೆ ಬಂದು, ಲೋಟ ತೊಳೆದು, ಉಳಿದವುಗಳ ಜೊತೆ ಕವುಚಿಟ್ಟು, "ಮುಂದೆ ಹೇಳಿ ಅಜ್ಜ," ಎಂದು ಕುಳಿತಿರಿ. ನೀವು ಮಲಗಿದ ಮೇಲೆ ನೀರು ಕುಡಿಯಲೆಂದು ನಾನು ಅಡುಗೆಮನೆಗೆ ಹೋದೆ. ಆ ಲೋಟ ಯಾವುದೆಂದು ಹುಡುಕಿದೆ. ಗೊತ್ತಾಗಲಿಲ್ಲ. ಕೈಗೆ ಸಿಕ್ಕಿದ ಒಂದರಲ್ಲಿ ಕುಡಿದು ಬಂದು ಮಲಗಿದೆ.